ಮಗುವಿಗೊಬ್ಬ ನೀರುಗಂಟಿ

ಆಗಸ್ಟ್ ೩, ಭಾನುವಾರ

ಮಧ್ಯಾಹ್ನದ ಬಸ್ಸಿಗೆ ಮಿರ್ಲೆಗೆ ಬಂದೆ. ಅಕ್ಕನ ಮನೆಯಲ್ಲಿ ಒಂದು ವಾರ ಇರುತ್ತೇನೆ ಎಂದು ಅಂತರಸಂತೆಯಲ್ಲಿ ಅಪ್ಪನಿಗೆ ಹೇಳಿದ್ದೇನೆ. ಅಪ್ಪ ನಂಬಲಿಲ್ಲ. ಹುಣಸೂರಿನ ಹತ್ತಿರ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಬೆಂಕಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿ, ಸೊಪ್ಪು ಬೇಯುವ ಮೊದಲೇ ಬಿಟ್ಟು ಬಂದವನು ನಾನು. ಪಿರಿಯಾಪಟ್ಟಣದ ಬೇಕರಿಯಲ್ಲಿ ಹಳೆಯ ಬನ್ನನ್ನು ಹಳೆಯದು ಎಂದೇ ಗಿರಾಕಿಗೆ ಹೇಳಿ ಅದೇ ಸಂಜೆ ಮನೆಗೆ ಬಂದವನೂ ನಾನೇ. ಹತ್ತನೆಯ ಕ್ಲಾಸು ಬಿಟ್ಟಿದ್ದೂ ಇಂಥದೇ ಕಾರಣಕ್ಕೆ. ಪರೀಕ್ಷೆಗೆ ನಕಲು ಹಿಡಿಯುವ ಸ್ಕ್ವಾಡಿನವರು ಬಂದು ಇಲ್ಲಿ ಯಾರಾದರೂ ಉತ್ತರ ಹೇಳಿಕೊಟ್ಟರೇ ಎಂದು ಕೇಳಿದರು. ಮೇಷ್ಟರೇ ಹೇಳಿಕೊಟ್ಟಿದ್ದರು. ಹೌದು ಎಂದೆ. ಆಮೇಲೆ ಆ ಶಾಲೆಗೆ ನಾನು ಹೋಗಲಿಲ್ಲ, ಅವರೂ ಕರೆಯಲಿಲ್ಲ.

ಬರೆಯುತ್ತಿರುವುದು ಭಾವ ಸಾಗರ್ ಅವರ ಗೊಬ್ಬರದಂಗಡಿಗೆ ಪುಕ್ಕಟೆ ಬಂದ ಡೈರಿಯಲ್ಲಿ. ಪ್ರತಿ ಪುಟದ ಕೆಳಗೆ ಒಂದೊಂದು ಕೀಟದ ಚಿತ್ರ. ಇವತ್ತಿನದು ಕಾಂಡಕೊರಕ.

ಅಕ್ಕ ರಾಧಾ ಬಿ.ಎಸ್ಸಿ. ಓದಿದವಳು. ಅವಳ ಮಗುವಿಗೆ ಎರಡೂವರೆ ವರ್ಷ. ಇನ್ನೂ ಮಾತು ಬಂದಿಲ್ಲ. ಅಮ್ಮ ಎಂದೂ ಅಂದಿಲ್ಲ. ನನ್ನನ್ನು ಕರೆಸಿರುವುದು ಅದಕ್ಕೇ. ನಾನು ಮಾತು ಕಲಿಸುತ್ತೇನೆಂದಲ್ಲ. ಕಲಿಸುವವರು ಮನೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರು ಒಬ್ಬರ ಮೇಲೊಬ್ಬರು ಬೀಳದ ಹಾಗೆ ನಡುವೆ ನಿಲ್ಲುವವನು ಬೇಕಾಗಿದೆ.

ಮಗುವಿನ ಹೆಸರು ರಿಯಾಂಶ್. ಅಕ್ಕ ಫೋನಿನಲ್ಲಿ ಹುಡುಕಿ ಇಟ್ಟಿದ್ದು. ಅವಳ ಅತ್ತೆ ರುಕ್ಮಿಣಮ್ಮ ಆ ಹೆಸರನ್ನು ಒಂದು ಸಲ ಹೇಳಲು ಹೋಗಿ, ಕೆಮ್ಮು ಬಂದು, ಚಿನ್ನು ಎಂದು ಕರೆದರು. ಈಗ ಎಲ್ಲರಿಗೂ ಚಿನ್ನು. ಅದು ನನ್ನನ್ನು ಒಂದು ಸಲ ನೋಡಿ, ನನ್ನ ಒಂದು ಚಪ್ಪಲಿ ಎತ್ತಿಕೊಂಡು ಹೋಗಿ ನೀರಿನ ತೊಟ್ಟಿಗೆ ಹಾಕಿತು. ಬುದ್ಧಿಗೆ ಏನೂ ಕಡಿಮೆ ಇಲ್ಲ.

ಆಗಸ್ಟ್ ೪, ಸೋಮವಾರ

ಜಗಳದ ಮೂಲ ತಿಳಿಯಿತು. ಅಕ್ಕ ಮಗುವನ್ನು ಫೋನಿನ ವೀಡಿಯೊಗಳಲ್ಲಿ ಬರುವ ಬೇರೆ ಬೇರೆ ದೇಶಗಳ ಪದ್ಧತಿ ಪ್ರಕಾರ ಬೆಳೆಸುತ್ತಿದ್ದಾಳೆ. ಅತ್ತೆ ಮಿರ್ಲೆಯ ಪ್ರಕಾರ ಬೆಳೆಸುತ್ತಿದ್ದಾರೆ. ಜಪಾನು ತಟ್ಟೆಯಲ್ಲಿ ಇಟ್ಟಿದ್ದನ್ನು ಮಿರ್ಲೆ ತುತ್ತು ಮಾಡಿ ಬಾಯಿಗೆ ತುರುಕುತ್ತದೆ. ಮಿರ್ಲೆ ಕೆನ್ನೆಗೆ ಇಟ್ಟ ದೃಷ್ಟಿಬೊಟ್ಟನ್ನು ಫ್ರಾನ್ಸು ಒರೆಸುತ್ತದೆ. ಮಗುವಿಗೆ ಮಾತು ಬಾರದಿರಲು ಅಕ್ಕನಿಗೆ ಅತ್ತೆ ಕಾರಣ, ಅತ್ತೆಗೆ ಅಕ್ಕ ಕಾರಣ.

ಅಕ್ಕನ ಮಾವ ತಿಮ್ಮಯ್ಯನವರು ನಾಲೆ ನೀರಿನ ಪಂಚಾಯ್ತಿ ಮಾಡಿಯೇ ತಲೆ ನೆರೆತವರು. ಇವತ್ತು ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ತೀರ್ಪು ಕೊಟ್ಟರು.

"ನಾಲೆ ನೀರ್ಗೇ ಸರದಿ ಐತೆ. ಮೇಲ್ಗದ್ದೆಯೋರು ಒಂದೊತ್ತು, ಕೆಳಗದ್ದೆಯೋರು ಒಂದೊತ್ತು. ಒಬ್ರ ಸರದೀಲಿ ಇನ್ನೊಬ್ರು ತೂಬು ಮುಟ್ಟಂಗಿಲ್ಲ. ಮಗೀಗೂ ಅಂಗೇ ಮಾಡುವ."

ಬೆಳಗಿನಿಂದ ಮಧ್ಯಾಹ್ನದ ಊಟದವರೆಗೆ ಅಕ್ಕನ ಸರದಿ. ಊಟದಿಂದ ದೀಪ ಹಚ್ಚುವವರೆಗೆ ಅತ್ತೆಯದು. ಆಮೇಲೆ ಭಾವನದು. ದೀಪಾವಳಿಯವರೆಗೆ ಹೀಗೆ. ಯಾರ ಸರದಿಯಲ್ಲಿ ಮಗು ಮೊದಲ ಮಾತು ಆಡುತ್ತದೋ, ಆಮೇಲೆ ಅದನ್ನು ಬೆಳೆಸುವ ಪೂರ್ತಿ ಹಕ್ಕು ಅವರದು. ಸೋತವರು ಬಾಯಿ ಹಾಕಬಾರದು.

ಸರದಿ ತಪ್ಪದಂತೆ ಗದ್ದೆಗಳಿಗೆ ನೀರು ಬಿಡುವವನು ನೀರುಗಂಟಿ. ಅವನಿಗೆ ಆ ಬಯಲಿನಲ್ಲಿ ಸ್ವಂತ ಗದ್ದೆ ಇರಬಾರದು, ಇದ್ದರೆ ನೀರು ಅಲ್ಲಿಗೇ ತಿರುಗುತ್ತದೆ ಎಂದು ಮಾವ ವಿವರಿಸಿದರು. ನನಗೆ ಮಗುವೂ ಇಲ್ಲ, ಮಕ್ಕಳ ಬಗ್ಗೆ ಯಾವ ಅಭಿಪ್ರಾಯವೂ ಇಲ್ಲ. ಆದ್ದರಿಂದ ನಾನೇ ನೀರುಗಂಟಿ.

ಡಾಕ್ಟರಿಗೆ ತೋರಿಸಿದ್ದೀರಾ ಎಂದು ಕೇಳಿದೆ. ಜಗಲಿಯ ಮೇಲೆ ಮೊದಲ ಬಾರಿಗೆ ಎಲ್ಲರೂ ಒಂದಾದರು. ಸಾಗರನಿಗೂ ತಡವಾಗಿಯೇ ಮಾತು ಬಂದದ್ದು, ಈಗ ನೋಡು, ಗೊಬ್ಬರ ಮಾರುವಾಗ ಬಾಯಿ ಮುಚ್ಚುವುದಿಲ್ಲ ಎಂದರು ಅತ್ತೆ. ಡಾಕ್ಟರು ಮಕ್ಕಳಿಗೆ ಹಣೆಪಟ್ಟಿ ಹಚ್ಚುತ್ತಾರೆ ಎಂದಳು ಅಕ್ಕ. ಭಾವ ಫೋನಿನಿಂದ ತಲೆ ಎತ್ತಿ ಹೌದು ಎಂದರು. ಯಾರಿಗೆ ಹೌದು ಎಂದರೋ ತಿಳಿಯಲಿಲ್ಲ.

ಆಗಸ್ಟ್ ೭, ಗುರುವಾರ

ಅಕ್ಕನ ಸರದಿ ನೋಡಿದೆ. ಬೆಳಿಗ್ಗೆ ಜಪಾನು: ಮಗು ತನ್ನ ಆಟದ ಸಾಮಾನನ್ನು ತಾನೇ ಡಬ್ಬಿಗೆ ಜೋಡಿಸಬೇಕು. ಅದು ಡಬ್ಬಿಯನ್ನು ಮಗುಚಿ ಅದರ ಮೇಲೆ ಕೂತಿತು. ತಿಂಡಿಯ ಹೊತ್ತಿಗೆ ಫ್ರಾನ್ಸು: ಮಗು ಅತ್ತರೆ ಕೂಡಲೇ ಎತ್ತಬಾರದು, ಸ್ವಲ್ಪ ಕಾಯಬೇಕು. ಎಷ್ಟು ಕಾಯಬೇಕು ಎಂದೆ. ವೀಡಿಯೊದಲ್ಲಿ ಹೇಳಿಲ್ಲ ಎಂದಳು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಸರದಿ ಮುರಿಯುವ ಹಾಗಿಲ್ಲ. ಒಳಗೆ ಹೋಗಿ ಮುದ್ದೆಕೋಲಿನಿಂದ ಖಾಲಿ ಪಾತ್ರೆಯನ್ನೇ ತಿರುವಿದರು.

ಆಮೇಲೆ ಡೆನ್ಮಾರ್ಕು. ಅಲ್ಲಿ ಮಕ್ಕಳನ್ನು ತೆರೆದ ಗಾಳಿಯಲ್ಲಿ ಮಲಗಿಸುತ್ತಾರಂತೆ. ತೊಟ್ಟಿಲನ್ನು ಹಿತ್ತಿಲಿಗೆ ಹೊತ್ತವನು ನಾನು. ಮಗು ಮಲಗಿತು. ಮನೆಯ ಹಸುವಿನ ಕರು ಬಂದು ಅದರ ತಲೆಯನ್ನು ನೆಕ್ಕಿತು. ಕಾಡಂಚಿನ ನಮ್ಮ ಅಂತರಸಂತೆಯಾಗಿದ್ದರೆ ಚಿರತೆ ಬರುತ್ತಿತ್ತು, ಮಿರ್ಲೆಯ ಜನ ಪುಣ್ಯವಂತರು ಎಂದೆ. ಅಕ್ಕ ನಗಲಿಲ್ಲ.

ಒಂದು ವಿಷಯ ಬರೆಯಬೇಕು. ಕರು ಪಕ್ಕದಲ್ಲೇ ನಿಂತು ಅಂಬಾ ಎಂದರೂ ಮಗು ಏಳಲಿಲ್ಲ. ಡೆನ್ಮಾರ್ಕಿನ ನಿದ್ದೆ ಅಂದರೆ ಹೀಗಿರಬೇಕು ಎಂದು ಅಕ್ಕನಿಗೆ ಬಹಳ ಸಂತೋಷವಾಯಿತು.

ಆಗಸ್ಟ್ ೯, ಶನಿವಾರ

ಅತ್ತೆಯ ಸರದಿ. ಮೈಗೆಲ್ಲ ಹರಳೆಣ್ಣೆ, ನೆತ್ತಿಗೆ ಎಣ್ಣೆ, ಎರಡು ಕಿವಿಗೂ ಬೆಚ್ಚಗಿನ ಎಣ್ಣೆ, ಆಮೇಲೆ ಕಡಲೆಹಿಟ್ಟು ತಿಕ್ಕಿ ಸುಡುವ ನೀರು. ಮಗು ಬೆಂದ ಗೆಣಸಿನ ಹಾಗೆ ಹೊರಗೆ ಬಂತು. ಮಾತು ಬರಲೆಂದು ಬಜೆ ಬೇರನ್ನು ತೇದು ನಾಲಿಗೆಗೆ ಹಚ್ಚಿದರು. ದೇವಸ್ಥಾನದ ಗಂಟೆಯ ಮೇಲೆ ನೀರು ಸುರಿದು, ಕೆಳಗೆ ಹಿಡಿದು ತಂದು ಕುಡಿಸಿದರು. ಗಂಟೆಯ ದನಿ ಮಗುವಿಗೆ ಬರಲಿ ಎಂದು.

ಅಕ್ಕ ಕಾಯುತ್ತಾಳೆ, ಅತ್ತೆ ಕಾಯುವುದೇ ಇಲ್ಲ. ಮಗು ಯಾವ ದಿಕ್ಕಿಗೆ ಕಣ್ಣು ಬಿಟ್ಟಿತೋ ಆ ದಿಕ್ಕಿನ ತಿಂಡಿ ಅದರ ಬಾಯಲ್ಲಿರುತ್ತದೆ. ಕೇಳುವುದಕ್ಕೆ ಮಾತು ಬೇಕು. ಕೇಳುವ ಮೊದಲೇ ಎಲ್ಲ ಬಂದರೆ ಮಾತು ಯಾಕೆ ಬೇಕು? ಇದನ್ನು ಅತ್ತೆಗೆ ಹೇಳಿದೆ.

"ನೀನೂ ಮಾತಾಡ್ತೀಯ, ನಿಂಗೇನು ಬಂತು?" ಎಂದರು.

ಎಣ್ಣೆ ಬಟ್ಟಲು ಎತ್ತಿ ಒಳಗಿಟ್ಟೆ.

ರಾತ್ರಿ ಭಾವನ ಸರದಿ. ಅವರು ಮಗುವಿಗೆ ಫೋನು ಕೊಟ್ಟು ಮಲಗುತ್ತಾರೆ. ಮೂವರ ಪೈಕಿ ಒಂದೇ ಪದ್ಧತಿಯನ್ನು ತಪ್ಪದೆ ಪಾಲಿಸುವವರು ಅವರೇ.

ಆಗಸ್ಟ್ ೧೭, ಭಾನುವಾರ

ವಾರ ದಾಟಿದೆ. ನಮ್ಮೂರ ಕಡೆಯ ಹ್ಯಾಂಡ್‌ಪೋಸ್ಟ್ ಎಂಬ ಊರಿನಿಂದ ಗೆಳೆಯ ಶಶಿ ಫೋನು ಮಾಡಿದ್ದ. ಅಲ್ಲಿ ಅವನು ಬೈಕ್ ಗ್ಯಾರೇಜ್ ಇಟ್ಟಿದ್ದಾನೆ, ಕೈಕೆಳಗೆ ಒಬ್ಬ ಬೇಕಂತೆ. ಮಗು ಎತ್ತಿಕೊಂಡು ತಿರುಗುವ ಗಂಡಸನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ ಎಂದು ನಕ್ಕ. ಮುಂದಿನ ವಾರ ಬರುತ್ತೇನೆ ಎಂದೆ.

ತಿರುಗುವುದು ನನ್ನ ಕಾಲಿನ ತೊಂದರೆ, ಮಗುವಿನದಲ್ಲ. ಒಂದು ಸರದಿ ಮುಗಿದು ಇನ್ನೊಂದು ಶುರುವಾಗುವ ನಡುವೆ, ಇಬ್ಬರೂ ಊಟಕ್ಕೆ ಕೂತಾಗ, ಮಗುವನ್ನು ಬೆನ್ನಿಗೆ ಹಾಕಿಕೊಂಡು ನಾಲೆ ಏರಿಯ ಮೇಲೆ ಹೋಗುತ್ತೇನೆ. ಸುಮ್ಮನೆ ನಡೆಯಲು ನನಗೆ ಬರುವುದಿಲ್ಲ, ಏನಾದರೂ ಹೇಳುತ್ತಿರಬೇಕು. ಸ್ಕ್ವಾಡಿನ ಕಥೆ ಹೇಳಿದೆ. ಬನ್ನಿನ ಕಥೆ ಹೇಳಿದೆ. ಅದು ನನ್ನ ಬೆನ್ನಿಗೆ ಕಿವಿ ಒತ್ತಿ ಮಲಗಿರುತ್ತದೆ. ನಿದ್ದೆ ಬಂತೆಂದು ಮಾತು ನಿಲ್ಲಿಸಿದರೆ ಭುಜಕ್ಕೆ ಗುದ್ದುತ್ತದೆ. ಮತ್ತೆ ಶುರು ಮಾಡಬೇಕು. ನನ್ನ ಕಥೆಗಳನ್ನು ಇಷ್ಟು ಹೊತ್ತು ಇನ್ನೊಬ್ಬರು ಕೇಳಿಲ್ಲ.

ಆಗಸ್ಟ್ ೨೪, ಭಾನುವಾರ

ಹುಣಸೂರಿನ ಕಲ್ಯಾಣಮಂಟಪದಲ್ಲಿ ಮಕ್ಕಳನ್ನು ಬೆಳೆಸುವ ಬಗ್ಗೆ ಶಿಬಿರ. ಅಕ್ಕ ಮಗುವನ್ನೂ ನನ್ನನ್ನೂ ಕರೆದುಕೊಂಡು ಹೋದಳು. ಭಾನುವಾರ ಪೂರ್ತಿ ಅವಳ ಸರದಿ ಬೇಕೆಂದು ಎರಡು ದಿನದ ಬೆಳಗನ್ನು ಅತ್ತೆಗೆ ಬಿಟ್ಟುಕೊಟ್ಟಿದ್ದಾಳೆ. ನಾಲೆ ನೀರಿನ ಸರದಿಯಲ್ಲೂ ಹೀಗೆ ಬದಲು ಮಾಡಿಕೊಳ್ಳುತ್ತಾರಂತೆ.

ಶಿಬಿರ ನಡೆಸಿದವರು ಮಹೇಶ್ಕುಮಾರ್ ಸರ್. ಬ್ಯಾನರಿನಲ್ಲಿ ಜಾಗತಿಕ ಶಿಶುಪಾಲನಾ ತಜ್ಞರು ಎಂದು ಬರೆದಿತ್ತು. ಗೋಡೆಯ ಮೇಲೆ ಪಟಗಳನ್ನು ತೋರಿಸಿದರು. ಜಪಾನಿನ ಮಗು ಒಂಟಿಯಾಗಿ ಅಂಗಡಿಗೆ ಹೋಗುತ್ತದೆ. ಆಫ್ರಿಕಾದ ಮಗು ದಿನವೆಲ್ಲ ತಾಯಿಯ ಬೆನ್ನ ಮೇಲಿರುತ್ತದೆ. ಜರ್ಮನಿಯಲ್ಲಿ ಚಿಕ್ಕ ಮಕ್ಕಳ ಶಾಲೆ ಕಾಡಿನಲ್ಲೇ ನಡೆಯುತ್ತದೆ. ನಮ್ಮ ಕಾಕನಕೋಟೆ ಕಾಡಿನಲ್ಲಿ ನಡೆಸಿದರೆ ಹಾಜರಿ ತೆಗೆದುಕೊಳ್ಳಲು ಆನೆಯೇ ಬರುತ್ತದೆ ಎಂದು ಪಕ್ಕದವರಿಗೆ ಹೇಳಿದೆ. ಸರ್‌ಗೆ ಕೇಳಿಸಿತು. ಪ್ರಶ್ನೆ ಇದ್ದರೆ ಎದ್ದು ಕೇಳಿ ಎಂದರು.

ಎದ್ದೆ. ನಮ್ಮ ಕಡೆ ಬುಡಕಟ್ಟಿನವರ ಹಾಡಿಯ ಮಗುವೂ ಬೆನ್ನ ಮೇಲೆ ಇರುತ್ತದೆ, ಅಂಗಡಿಗೂ ಒಂಟಿಯಾಗಿ ಹೋಗುತ್ತದೆ, ಕಾಡಿನಲ್ಲೇ ಬೆಳೆಯುತ್ತದೆ, ಅದರ ಪಟ ಯಾಕಿಲ್ಲ ಎಂದೆ.

"ಅದು ಬಡತನ," ಎಂದರು. "ಇದು ಪದ್ಧತಿ."

ಎಲ್ಲರೂ ಬರೆದುಕೊಂಡರು.

ಅಷ್ಟು ಹೊತ್ತೂ ಮಗು ವೇದಿಕೆಯ ಪಕ್ಕದ ದೊಡ್ಡ ಸ್ಪೀಕರನ್ನು ಎರಡು ಕೈಯಲ್ಲಿ ತಬ್ಬಿ, ಅದಕ್ಕೆ ಕೆನ್ನೆ ಒತ್ತಿ ಕೂತಿತ್ತು. ಬೇರೆ ಮಕ್ಕಳು ಅದರ ಸದ್ದಿಗೆ ಹೆದರಿ ಹೊರಗೆ ಓಡಿದ್ದವು. ನೋಡಿ, ಈ ಮಗುವಿನ ಏಕಾಗ್ರತೆ ನೋಡಿ, ನನ್ನ ದನಿ ಅದನ್ನು ಹೇಗೆ ಸೆಳೆದಿದೆ ಎಂದು ಸರ್ ಮೈಕಿನಲ್ಲಿ ಹೊಗಳಿದರು. ಅಕ್ಕನ ಕಣ್ಣಲ್ಲಿ ನೀರು ಬಂತು. ಅವಳನ್ನು ಯಾರಾದರೂ ಹೊಗಳಿ ಬಹಳ ದಿನವಾಗಿದೆ.

ಬಸ್ಸಿನಲ್ಲಿ ಬರುವಾಗ ಮಗು ಅವಳ ತೊಡೆಯ ಮೇಲೆ ಮಲಗಿತ್ತು. ಅವಳು ಕಿಟಕಿಯ ಕಡೆ ಮುಖ ಮಾಡಿ ಮೆಲ್ಲಗೆ, "ಅಮ್ಮ ಅಂತ ಒಂದ್ಸಲ ಅಂದ್ರೆ ಸಾಕು ಕಣೋ. ನನ್ ಮೇಲೇನೋ ಸಿಟ್ಟಿದೆ ಇವ್ನಿಗೆ," ಎಂದಳು. ಇಲ್ಲ ಬುಡಕ್ಕ ಎಂದೆ. ಸಿಟ್ಟಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಹೇಳಿದೆ.

ಸೆಪ್ಟೆಂಬರ್ ೩, ಬುಧವಾರ

ಮಳೆ. ಮಗುವಿಗೆ ಶೀತ. ಅಕ್ಕನ ಸರದಿಯಲ್ಲಿ ಮೂಗನ್ನು ತಾನೇ ಒರೆಸಿಕೊಳ್ಳಬೇಕು, ಅತ್ತೆಯ ಸರದಿಯಲ್ಲಿ ವಿಭೂತಿ. ಭಾವನ ಸರದಿಯಲ್ಲಿ ಫೋನಿಗೂ ಶೀತ.

ಶಶಿಗೆ ಮುಂದಿನ ವಾರ ಎಂದೆ. ಹೋದ ಸಲವೂ ಹಾಗೇ ಅಂದಿದ್ದೆಯಲ್ಲ ಎಂದ. ಹೌದು, ಅಂದಿದ್ದೆ.

ಸೆಪ್ಟೆಂಬರ್ ೧೧, ಗುರುವಾರ

ಇದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಊಟದ ಹೊತ್ತಿಗೆ ಮಗುವನ್ನು ನಾಲೆಗೆ ಕರೆದುಕೊಂಡು ಹೋದೆ. ನಮ್ಮ ಗದ್ದೆಯ ತೂಬು ಸ್ವಲ್ಪ ಎತ್ತಿ ಬಾ ಎಂದು ಮಾವ ಹೇಳಿದ್ದರು. ಮಗುವನ್ನು ಏರಿಯ ಮೇಲೆ ಇಳಿಸಿ, ತೂಬಿನ ಹಲಗೆಗೆ ಕೈ ಹಾಕಿದೆ. ಹಲಗೆ ಕಚ್ಚಿಕೊಂಡಿತ್ತು. ತಲೆ ಎತ್ತಿದಾಗ ಮಗು ಒಂದು ಕೊಕ್ಕರೆಯ ಹಿಂದೆ ನೀರಿನ ಅಂಚಿಗೆ ನಡೆಯುತ್ತಿತ್ತು. ಚಿನ್ನು ಎಂದು ಕೂಗಿದೆ. ತಿರುಗಲಿಲ್ಲ. ಇನ್ನೂ ಗಟ್ಟಿಯಾಗಿ ಕೂಗಿದೆ. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ತಿರುಗಿದರು, ಮಗು ತಿರುಗಲಿಲ್ಲ. ಕೊಕ್ಕರೆ ಹಾರಿತು. ಮಗುವಿನ ಒಂದು ಕಾಲು ಕೆಸರಿಗೆ ಜಾರಿದಾಗ ಅದರ ಅಂಗಿಯ ಹಿಂಬದಿ ನನ್ನ ಕೈಗೆ ಸಿಕ್ಕಿತು.

ಎತ್ತಿ ನಿಲ್ಲಿಸಿ ಕುಂಡೆಗೆ ಒಂದು ಬಾರಿಸಿದೆ. ಕರೆದರೆ ಬರೋಕಾಗಲ್ವಾ, ಸೊಕ್ಕು ಎಂದು ಬೈದೆ. ಅವನು ಅಳಲಿಲ್ಲ. ನನ್ನ ಕಣ್ಣನ್ನೂ ನೋಡಲಿಲ್ಲ. ನನ್ನ ಬಾಯಿಯನ್ನು ನೋಡಿದ. ತುಟಿ ಹೇಗೆ ಆಡುತ್ತದೆ ಎಂದು ನೋಡಿದ.

ನಾನು ಬೈಯುವುದನ್ನು ನಿಲ್ಲಿಸಿದೆ.

ಅವನ ಹಿಂದೆ ಹೋಗಿ ಕೂತು ಮೆಲ್ಲಗೆ ಕರೆದೆ. ಇಲ್ಲ. ಜೇಬಿನಲ್ಲಿದ್ದ ಬಿಸ್ಕತ್ ಪೊಟ್ಟಣವನ್ನು ಅವನ ಬೆನ್ನ ಹಿಂದೆ ಪರಪರ ಎನಿಸಿದೆ. ಬಿಸ್ಕತ್ ಅಂದರೆ ಪ್ರಾಣ ಬಿಡುವವನು ಹುಲ್ಲು ಕೀಳುತ್ತಾ ಕೂತಿದ್ದ. ಎದುರಿಗೆ ಬಂದು ತೋರಿಸಿದೆ, ಎರಡೂ ಕೈ ಚಾಚಿದ.

ಬೆನ್ನಿಗೆ ಹಾಕಿಕೊಂಡು ಮನೆಗೆ ನಡೆದೆ. ಬಾಯಿಂದ ಮಾತು ಹೊರಡಲಿಲ್ಲ. ಅವನು ಭುಜಕ್ಕೆ ಗುದ್ದಿದ. ಆಗ ಗೊತ್ತಾಯಿತು. ಅವನಿಗೆ ನನ್ನ ಬನ್ನಿನ ಕಥೆ ಬೇಕಿರಲಿಲ್ಲ. ನನ್ನ ಬೆನ್ನಿನ ಮೂಳೆಯಲ್ಲಿ ಸದ್ದು ಅದುರುತ್ತದೆ, ಅದು ಬೇಕಿತ್ತು.

ಸೆಪ್ಟೆಂಬರ್ ೧೨, ಶುಕ್ರವಾರ

ಹೇಳಿದೆ. ಹೇಳಿದ ಹೊತ್ತು ಸರಿಯಿರಲಿಲ್ಲ. ಹೇಳುವುದಕ್ಕೆ ಸರಿಯಾದ ಹೊತ್ತು ಯಾವುದು ಎಂದು ನನಗೆ ಯಾವತ್ತೂ ತಿಳಿದಿಲ್ಲ.

ಅಕ್ಕನ ಸರದಿ ಮುಗಿಯುತ್ತಿತ್ತು. ಅವಳ ಫೋನಿನ ವೀಡಿಯೊ ಕ್ಲಾಸಿನಲ್ಲಿ ಮಹೇಶ್ಕುಮಾರ್ ಸರ್ ಇದ್ದರು, ಚೌಕಗಳಲ್ಲಿ ಬೇರೆ ತಾಯಂದಿರಿದ್ದರು. ಅತ್ತೆ ಎಣ್ಣೆ ಬಟ್ಟಲು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ನಾನು ಒಳಗೆ ಬಂದು, ಚಿನ್ನುಗೆ ಕಿವಿ ಕೇಳುತ್ತಿಲ್ಲ, ಪೂರ್ತಿಯಲ್ಲ, ಆದರೆ ಸರಿಯಾಗಿ ಕೇಳುತ್ತಿಲ್ಲ, ನಾಳೆಯೇ ಮೈಸೂರಿಗೆ ಕರೆದುಕೊಂಡು ಹೋಗಬೇಕು ಎಂದೆ.

ಸರ್ ಫೋನಿನೊಳಗಿಂದಲೇ, ಮನೆಯಲ್ಲಿ ಇಂಥ ನಕಾರಾತ್ಮಕ ವ್ಯಕ್ತಿಗಳಿದ್ದರೆ ಮಗು ಅರಳುವುದಿಲ್ಲ ಎಂದರು. ಅಕ್ಕ ಫೋನು ಮುಚ್ಚಿದಳು.

"ನಮ್ಮೊಂಸದಾಗೆ ಕೆಪ್ಪರಿಲ್ಲ," ಎಂದರು ಅತ್ತೆ. "ಉಂಡ ಮನೇಲಿ ಕೂತ್ಕಂಡು ಮಗೀಗೆ ಶಾಪ ಆಕ್ತೀಯಲ್ಲೋ."

"ಶಾಪ ಅಲ್ಲ ಕಣತ್ತೆ. ನೆನ್ನೆ ನಾಲೆಗೆ ಬೀಳ್ತಿದ್ದ. ಕೂಗಿದ್ರೆ ತಿರುಗ್ಲಿಲ್ಲ."

ಇದನ್ನು ಹೇಳಬಾರದಿತ್ತೋ ಏನೋ. ಈಗ ವಿಷಯ ಕಿವಿಯಿಂದ ನಾಲೆಗೆ ಹೋಯಿತು. ಮಗುವನ್ನು ನೀರಿನ ಹತ್ತಿರ ಬಿಟ್ಟವನು ಯಾರು ಎಂದು ಅತ್ತೆಯೂ ಅಕ್ಕನೂ ಒಟ್ಟಿಗೆ ಕೇಳಿದರು. ನಾನು ಎಂದೆ. ಹೊಡೆದೆ ಎಂದೂ ಹೇಳಿದೆ. ಸಂಜೆ ಭಾವ ಬಂದು, ನಿನ್ನ ಊರಿನ ಬಸ್ಸು ಬೆಳಿಗ್ಗೆಯೇ ಇದೆ ಎಂದರು. ನೀರುಗಂಟಿ ಕೆಲಸ ಹೋಯಿತು.

ಸೆಪ್ಟೆಂಬರ್ ೧೩, ಶನಿವಾರ

ಬಸ್ಸು ಹತ್ತಲಿಲ್ಲ. ಹಟಕ್ಕೆ. ಡಾಕ್ಟರು ನನ್ನದು ಸುಳ್ಳು ಎಂದರೆ ಅವತ್ತೇ ಹೋಗುತ್ತೇನೆ ಎಂದಿದ್ದೇನೆ. ಮನೆಯಲ್ಲಿ ಯಾರೂ ನನ್ನೊಂದಿಗೆ ಮಾತಾಡುತ್ತಿಲ್ಲ. ಚಿನ್ನುವಂತೂ ಮೊದಲಿನಿಂದಲೂ ಮಾತಾಡುವವನಲ್ಲ.

ಸೆಪ್ಟೆಂಬರ್ ೧೫, ಸೋಮವಾರ

ಕೊಟ್ಟಿಗೆಯ ಹಿಂದೆ ತಿಮ್ಮಯ್ಯ ಮಾವ ಕಂಡರು. ಮೊಮ್ಮಗನನ್ನು ಆಚೆ ಮುಖ ಮಾಡಿಸಿ ಕೂರಿಸಿ, ಹಿಂದಿನಿಂದ ಹಿತ್ತಾಳೆ ಚೊಂಬನ್ನು ಕೋಲಿನಿಂದ ಮೆಲ್ಲಗೆ ಬಡಿಯುತ್ತಿದ್ದರು. ನನ್ನನ್ನು ನೋಡಿ ಚೊಂಬು ತೊಳೆಯಲು ಬಂದವರಂತೆ ನಿಂತರು. ಕೋಲಿನಿಂದ ಯಾರೂ ಚೊಂಬು ತೊಳೆಯುವುದಿಲ್ಲ.

ಮಧ್ಯಾಹ್ನ ಜಗಲಿಯಲ್ಲಿ ಎಲ್ಲರನ್ನೂ ಮತ್ತೆ ಕೂರಿಸಿದರು.

"ಗದ್ದೆ ಒಣಗ್ತಾ ಐತೆ ಅಂದ್ರೆ ಮೊದ್ಲು ತೂಬು ನೋಡ್ಬೇಕು. ಗದ್ದೇನ ಬೈದ್ರೆ ಏನ್ ಬಂತು? ಗುರುವಾರ ಎಲ್ರೂ ಮೈಸೂರ್ಗ್ ನಡೀರಿ."

ಎರಡು ತಿಂಗಳ ಹಿಂದೆಯೇ ತಮಗೆ ಇದು ಹೊಳೆದಿತ್ತು, ಹೇಳಿದರೆ ಯಾರು ಕೇಳುತ್ತಾರೆ ಎಂದು ಸುಮ್ಮನಿದ್ದೆ ಎಂದೂ ಸೇರಿಸಿದರು. ಎಲ್ಲರೂ ತಲೆಯಾಡಿಸಿದರು. ನಾನು ಆಡಿಸಲಿಲ್ಲ.

ಸೆಪ್ಟೆಂಬರ್ ೧೮, ಗುರುವಾರ

ಮೈಸೂರು. ಕಿವಿ ಡಾಕ್ಟರಮ್ಮ ಚಿನ್ನುವಿನ ಕಿವಿಗೆ ಬೆಳಕು ಬಿಟ್ಟು ನೋಡಿದರು. ಆ ಕಿವಿ ನೋಡಿದರು, ಈ ಕಿವಿ ನೋಡಿದರು, ಆಮೇಲೆ ನಮ್ಮನ್ನು ನೋಡಿದರು. ಐದು ಜನ ಸಾಲಾಗಿ ನಿಂತಿದ್ದೆವು.

ಎಣ್ಣೆ ಹಾಕುವವರು ಯಾರು ಎಂದು ಕೇಳಿದರು. ಅತ್ತೆ ಹೆಮ್ಮೆಯಿಂದ, ನಾನೇ, ದಿನಾ ಹಾಕ್ತೀನಿ ಎಂದರು. ಹತ್ತಿ ಸುತ್ತಿದ ಕಡ್ಡಿಯಿಂದ ಸ್ವಚ್ಛ ಮಾಡುವವರು ಯಾರು ಎಂದು ಕೇಳಿದರು. ಅಕ್ಕ, ನಾನು, ಆ ಎಣ್ಣೆ ತೆಗೆಯಬೇಕಲ್ಲ ಎಂದಳು.

"ಒಬ್ಬರು ತುಂಬ್ತೀರಿ, ಇನ್ನೊಬ್ಬರು ಗಿಡಿದು ಒಳಗೆ ತಳ್ತೀರಿ. ಒಗ್ಗಟ್ಟು ಚೆನ್ನಾಗಿದೆ," ಎಂದರು.

ಎಣ್ಣೆ, ಕಡಲೆಹಿಟ್ಟು, ಕಿವಿಯ ಗುಗ್ಗೆ ಮೂರೂ ಸೇರಿ ಎರಡು ಕಿವಿಯಲ್ಲೂ ಗಾರೆಯಂತೆ ಕೂತಿದೆಯಂತೆ. ಅದರ ಹಿಂದೆ, ಕಿವಿಯ ತಮಟೆಯ ಆಚೆ, ಶೀತದ ನೀರು ಬೇರೆ ಬಹಳ ಕಾಲದಿಂದ ನಿಂತಿರಬಹುದು. ಸದ್ದು ಒಳಗೆ ಹೋಗುವುದು ನೀರಿನೊಳಗೆ ಮುಳುಗಿದವನಿಗೆ ದಡದ ಮಾತು ಕೇಳಿದ ಹಾಗೆ. ಮೊದಲು ತೊಟ್ಟುಮದ್ದು ಹಾಕಿ ಗಾರೆ ಮೆತ್ತಗೆ ಮಾಡಿ ತೆಗೆಯುವುದು, ಆಮೇಲೆ ನೀರು ಆರಲು ಔಷಧಿ. ಆರದಿದ್ದರೆ ಸಣ್ಣ ಆಪರೇಷನ್ನು. ಮಾತು ತಿಂಗಳುಗಟ್ಟಲೆ ತಡವಾಗಬಹುದು, ಅವಸರ ಮಾಡಬೇಡಿ, ಬಿಡದೆ ತೋರಿಸಿ ಎಂದರು.

ಮಾತು ಬರಿಸಲು ಯಾವ ದೇಶದ ಪದ್ಧತಿ ಒಳ್ಳೆಯದು ಎಂದು ಅಕ್ಕ ಕೇಳಿದಳು.

"ಮನೆಯಲ್ಲಿ ಜಗಳ ಆಡೋದು ಯಾವ ಭಾಷೆಯಲ್ಲಿ?"

"ಕನ್ನಡದಲ್ಲೇ."

"ಅದರಲ್ಲೇ ಮಾತಾಡಿ. ಮುಖ ನೋಡಿ ಮಾತಾಡಿ."

ಹೊರಗೆ ಬಂದ ಮೇಲೆ ಅಕ್ಕ ಮೆಟ್ಟಿಲ ಮೇಲೆ ಕೂತು ಅತ್ತಳು. ಅವನು ಸಿಟ್ಟಿನಿಂದ ಅಮ್ಮ ಅನ್ನದೆ ಇದ್ದದ್ದಲ್ಲ, ಅಮ್ಮ ಅನ್ನುವ ಪದವೇ ಅವನಿಗೆ ಸರಿಯಾಗಿ ತಲುಪಿರಲಿಲ್ಲ ಎಂದು ತಿಳಿದು ಅತ್ತಳೋ, ಹತ್ತಿಕಡ್ಡಿ ನೆನೆದು ಅತ್ತಳೋ ಗೊತ್ತಿಲ್ಲ. ಅತ್ತೆ ಅವಳ ಪಕ್ಕ ಕೂತು ಸೆರಗಿನಿಂದ ಅವಳ ಮೂಗು ಒರೆಸಿದರು. ಜಪಾನಿನಲ್ಲಿ ತಾನೇ ಒರೆಸಿಕೊಳ್ಳಬೇಕು. ಅಕ್ಕ ಮುಖ ಒಡ್ಡಿದಳು.

ಸೆಪ್ಟೆಂಬರ್ ೨೯, ಸೋಮವಾರ

ಇವತ್ತು ಗಾರೆ ತೆಗೆದರು. ಅವನನ್ನು ಹಿಡಿದುಕೊಂಡದ್ದು ನಾನು. ನನ್ನ ಮುಂಗೈ ಕಚ್ಚಿದ್ದಾನೆ, ಬರೆಯುವಾಗ ನೋಯುತ್ತದೆ. ಸಂಜೆ ಅತ್ತೆ ಒಗ್ಗರಣೆಗೆ ಸಾಸಿವೆ ಹಾಕಿದಾಗ ಅವನು ಬೆಚ್ಚಿ ಅಡುಗೆಮನೆಯತ್ತ ತಿರುಗಿದ. ಅತ್ತೆ ಇನ್ನಷ್ಟು ಸಾಸಿವೆ ಹಾಕಿದರು. ಮತ್ತೆ ತಿರುಗಿದ. ಸಾರಿನ ತುಂಬ ಸಾಸಿವೆ ಇತ್ತು, ಎಲ್ಲರೂ ಉಂಡೆವು.

ಒಳಗಿನ ನೀರು ಇನ್ನೂ ಇದೆಯಂತೆ. ಔಷಧಿ ಮುಂದುವರಿಯಬೇಕು. ಬೆಳಗಿನದು ನಾನು ಕುಡಿಸುತ್ತೇನೆ, ಬೇರೆಯವರು ಕುಡಿಸಿದರೆ ಉಗಿಯುತ್ತಾನೆ. ನಾನು ಕುಡಿಸಿದರೂ ಉಗಿಯುತ್ತಾನೆ, ಸ್ವಲ್ಪ ಕಡಿಮೆ.

ಅಕ್ಟೋಬರ್ ೮, ಬುಧವಾರ

ಒಗ್ಗಟ್ಟು ಮುಗಿಯಿತು. ಕಿವಿ ಕಟ್ಟಿದ್ದು ಎಣ್ಣೆಯಿಂದಲೋ ಕಡ್ಡಿಯಿಂದಲೋ ಎಂದು ಇವತ್ತು ಮಧ್ಯಾಹ್ನ ಶುರುವಾಯಿತು. ನಿಮ್ಮ ಕಾಲದ ಮೌಢ್ಯ ಎಂದಳು ಅಕ್ಕ. ನನ್ನ ಕಾಲದಲ್ಲಿ ಹತ್ತಿ ಬತ್ತಿಗೆ ಇತ್ತು, ಕಿವಿಗಲ್ಲ ಎಂದರು ಅತ್ತೆ. ಭಾವ ಹೌದು ಎಂದರು. ಈ ಸಲ ಇಬ್ಬರೂ ಅವರ ಮೇಲೆ ತಿರುಗಿದರು, ಫೋನು ಕೊಟ್ಟು ಮಲಗಿದವರು ಯಾರು ಎಂದು. ಭಾವನ ದನಿಯೂ ಏರಿತು. ಮಾವ ಎಲ್ಲರಿಗಿಂತ ಗಟ್ಟಿಯಾಗಿ, ಸುಮ್ಮನಿರಿ ಎಂದು ಕಿರುಚಿದರು.

ಚಿನ್ನು ನಡುಮನೆಯ ಮಧ್ಯೆ ಕೂತಿದ್ದ. ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡ.

ಎಲ್ಲರೂ ನಿಂತ ಹಾಗೇ ನಿಂತರು. ಆಮೇಲೆ ಜಗಳ ಮುಂದುವರಿಯಿತು, ಪಿಸುಮಾತಿನಲ್ಲಿ. ಇಷ್ಟು ಸಮಾಧಾನದ ಜಗಳವನ್ನು ನಾನು ಯಾವ ಮನೆಯಲ್ಲೂ ಕೇಳಿಲ್ಲ. ಸರದಿಯನ್ನು ಮಾತ್ರ ಯಾರೂ ಬಿಡುತ್ತಿಲ್ಲ. ದೀಪಾವಳಿ ಹತ್ತಿರ ಬಂತು, ಇನ್ನೂ ಮಾತಿಲ್ಲ, ಪಂದ್ಯ ಇನ್ನೂ ಇದೆ.

ಮಹೇಶ್ಕುಮಾರ್ ಸರ್ ತಮ್ಮ ಬಳಗಕ್ಕೆ ಒಂದು ಸಂದೇಶ ಹಾಕಿದ್ದಾರಂತೆ: ಹುಣಸೂರಿನ ಶಿಬಿರದಲ್ಲೇ ಮಗುವಿನ ಶ್ರವಣ ಸಮಸ್ಯೆಯನ್ನು ಗುರುತಿಸಲಾಗಿತ್ತು. ಅಕ್ಕ ತೋರಿಸಿದಳು. ಸುಳ್ಳು ಎಂದು ಬರೆಯಲು ಹೇಳಿದೆ. ಅವಳು ಬಳಗದಿಂದ ಹೊರಗೆ ಬಂದಳು. ಅಷ್ಟು ಸಾಕು ಅನ್ನಿಸಿತು.

ಅಕ್ಟೋಬರ್ ೧೬, ಗುರುವಾರ

ಡಾಕ್ಟರು ನೋಡಿಯಾಯಿತು, ನಾನು ಹೇಳಿದ್ದು ಸುಳ್ಳಲ್ಲ ಎಂದೂ ಆಯಿತು. ಇನ್ನು ಇಲ್ಲಿ ನನಗೆ ಕೆಲಸವಿಲ್ಲ. ಶಶಿ ಇದೇ ಕೊನೆಯ ಮಾತು ಎಂದಿದ್ದ. ಊಟದ ಹೊತ್ತಿನ ಬಸ್ಸಿಗೆ ಹೊರಡುವುದೆಂದು ಬೆಳಿಗ್ಗೆಯೇ ಚೀಲ ಕಟ್ಟಿದೆ. ಔಷಧಿಯನ್ನು ಬಾಯಿಯ ಬಲಗಡೆ ಹಾಕಬೇಕು, ಎಡಗಡೆ ಹಾಕಿದರೆ ಉಗಿಯುತ್ತಾನೆ ಎಂದು ಅಕ್ಕನಿಗೆ ಹೇಳಿದೆ. ಬೆನ್ನಿಗೆ ಹಾಕಿಕೊಂಡಾಗ ಮಾತು ನಿಲ್ಲಿಸಬೇಡ ಎಂದೂ ಹೇಳಿದೆ. ಇನ್ನೂ ಏನೇನೋ ಹೇಳಿದೆ. ಬರೆದುಕೊಡು ಎಂದಳು.

ಎಲ್ಲರೂ ಊಟಕ್ಕೆ ಕೂತರು. ಚಿನ್ನು ಅಂಗಳದಲ್ಲಿ ನನಗೆ ಬೆನ್ನು ಮಾಡಿ ಕೂತು, ಬೆಂಕಿಪೊಟ್ಟಣಕ್ಕೆ ಮಣ್ಣು ತುಂಬುತ್ತಿದ್ದ. ಹೇಳಿ ಹೋಗುವ ಅಭ್ಯಾಸ ನನಗಿಲ್ಲ. ಬ್ಯಾರನ್ನಿನಲ್ಲೂ ಹೇಳಿರಲಿಲ್ಲ. ಅವನ ಹಿಂದಿನಿಂದ ಮೆಲ್ಲಗೆ ದಾಟಿ ಬೀದಿಯ ಗೇಟಿನ ಚಿಲಕ ತೆಗೆದೆ. ಕಿರ್ ಎಂದಿತು. ದೊಡ್ಡ ಸದ್ದೇನಲ್ಲ.

ಅವನು ತಿರುಗಿದ.

ನನ್ನನ್ನು ನೋಡಿದ, ಚೀಲವನ್ನು ನೋಡಿದ. ಎದ್ದು ನಿಂತು ಬಾಯಿ ಪೂರ್ತಿ ತೆರೆದು ಕೂಗಿದ. ಬೀದಿಯ ಕೊನೆಯ ಮನೆಯವರೂ ಹೊರಗೆ ಬರುವ ಹಾಗೆ ಕೂಗಿದ.

ಅಕ್ಕ ಎಂಜಲು ಕೈಯಲ್ಲಿ ಓಡಿ ಬಂದಳು. ಹಿಂದೆಯೇ ಅತ್ತೆ. ಮಾತು ಬಂತಾ ಎಂದು ಒಬ್ಬರು, ಯಾರ ಸರದಿ ಈಗ ಎಂದು ಒಬ್ಬರು. ಇಬ್ಬರ ಸರದಿಯ ನಡುವಿನ ಹೊತ್ತು, ಯಾರದೂ ಅಲ್ಲ ಎಂದೆ.

"ನಿನ್ನ ಮಾವ ಅಂದ್ನೇನೋ?" ಎಂದರು ಅತ್ತೆ. "ನಂಗೆ ಮಾವ ಅಂದಂಗೇ ಕೇಳಿಸ್ತು."

"ಇಲ್ಲ ಕಣತ್ತೆ. ಮಾತಲ್ಲ. ಸುಮ್ನೆ ಕೂಗ್ದ."

"ಅಮ್ಮ ಅಂತ?" ಎಂದಳು ಅಕ್ಕ.

"ಅದೂ ಅಲ್ಲ ಕಣಕ್ಕ."

ಹೌದು ಎಂದಿದ್ದರೆ ಅವಳಿಗೆ ಎಷ್ಟು ಸಂತೋಷವಾಗುತ್ತಿತ್ತು. ಆದರೆ ಅಂದಿರಲಿಲ್ಲ. ನಾಳೆ ನಿಜವಾಗಿ ಅಂದಾಗ ಅವಳು ಮೊದಲ ಸಲ ಕೇಳಬೇಕು.

ಚಿನ್ನು ಬಂದು ಚೀಲದ ಪಟ್ಟಿ ಹಿಡಿದು ಕೂತ. ಬಿಡಿಸಲು ನೋಡಿದೆ, ಬಿಡಲಿಲ್ಲ. ಆಗಲೇ ನಾಲೆಯ ಕಡೆಯಿಂದ ಬಸ್ಸು ಬಂದು ಹೋಯಿತು.

ಶಶಿಗೆ ಫೋನು ಮಾಡಿದೆ.

"ಬರಾಕಿಲ್ಲ ಅಂತೀಯಾ? ಯಾಕ್ಲಾ?"

"ಚಿನ್ನು ಕೂಗ್ದ ಕಣ್ಲಾ."

"ಏನಂತ ಕೂಗ್ದ?"

"ಏನಂತಾನೂ ಇಲ್ಲ," ಎಂದೆ.